ಬಂಡೆಗಲ್ಲಿನ ಕಡಲಲ್ಲಿ ಫ್ರೀಡೈವಿಂಗ್: ಯಾವ ಫಿನ್ ಕೊಳ್ಳಬೇಕು, ಎಂಥ ತರಬೇತಿ ಬೇಕು?

ಜೋಗೇಶ್ವರಿ ಸ್ಟೇಷನ್‌ನ ಪಶ್ಚಿಮ ಬದಿಯಲ್ಲಿ ಆಟೊ ಹಿಡಿದರೆ, ಟ್ರಾಫಿಕ್ ಇಲ್ಲದ ಬೆಳಗ್ಗೆ ಅರ್ಧ ಗಂಟೆಯಲ್ಲಿ ವರ್ಸೋವಾ ಕಡಲತೀರ ತಲುಪಬಹುದು. ಸಮುದ್ರ ಇಷ್ಟು ಹತ್ತಿರವಿದ್ದರೂ ಫ್ರೀಡೈವಿಂಗ್ ಕಲಿಯಬೇಕು ಎನ್ನುವ ಜೋಗೇಶ್ವರಿಯವರು ಮಾಲ್ವಣಕ್ಕೋ ಮುರುಡೇಶ್ವರಕ್ಕೋ ರೈಲು ಹತ್ತುವುದೇ ಸರಿ. ವರ್ಸೋವಾ, ಮಢ್, ಜುಹೂ ಭಾಗದ ನೀರಿಗೆ ಖಾಡಿಯ ಕೆಸರೂ ನಗರದ ಕೊಳಚೆಯೂ ಸೇರುತ್ತವೆ. ಮುಳುಗಿದವರು ಮೇಲಿರುವ ಜೊತೆಗಾರನ ಕಣ್ಣಿಗೆ ಕಾಣುವುದಿಲ್ಲ. ಉಸಿರು ಹಿಡಿದು ಮುಳುಗುವ ಕ್ರೀಡೆಯಲ್ಲಿ ಆ ನೀರಿಗೆ ಇಳಿಯದಿರಲು ಇದೊಂದೇ ಕಾರಣ ಸಾಕು.

ಬೆನ್ನಿಗೆ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಆಳಕ್ಕೆ ಹೋಗಿ ಮರಳುವುದು ಫ್ರೀಡೈವಿಂಗ್. ಸ್ಕೂಬಾ ಇದಕ್ಕಿಂತ ಬೇರೆ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ'ಯಲ್ಲಿ ನೇತ್ರಾಣಿ ದ್ವೀಪದ ನೀರೊಳಗಿನ ದೃಶ್ಯಗಳನ್ನು ನೋಡಿದವರಿಗೆ ಸ್ಕೂಬಾ ಗೊತ್ತು. ಅದರ ಬೆನ್ನಿಗೇ ಬರುವ ಕುತೂಹಲ, ಸಿಲಿಂಡರ್ ಇಲ್ಲದೆಯೂ ಅಷ್ಟು ಆಳ ಹೋಗಬಹುದೇ ಎಂಬುದು. ಹೋಗಬಹುದು. ಆದರೆ ಈ ಆಸೆ ಹುಟ್ಟಿದವರು ಮೊದಲು ಮಾಡುವ ಕೆಲಸ ಮೊಬೈಲ್‌ನಲ್ಲಿ ಉದ್ದನೆಯ ಫಿನ್ ಹುಡುಕುವುದು. ಕಪ್ಪಗೆ ಹೊಳೆಯುವ ಕಾರ್ಬನ್ ಫಿನ್ ಕಣ್ಣಿಗೆ ಬೀಳುತ್ತದೆ, ಬೆಲೆ ನೋಡಿ ಎದೆ ಧಸಕ್ಕೆಂದರೂ 'ಒಳ್ಳೆಯದು ಒಂದೇ ಸಲ ಕೊಂಡುಬಿಡೋಣ' ಎಂಬ ತೀರ್ಮಾನವಾಗುತ್ತದೆ.

ಬಂಡೆಗಲ್ಲಿನ ಸಮುದ್ರಕ್ಕೆ ಹೊರಟವರ ಮಟ್ಟಿಗೆ ಈ ಲೆಕ್ಕ ತಲೆಕೆಳಗಾಗಿದೆ. ಅಲ್ಲಿ ಮೊದಲ ಎರಡು-ಮೂರು ವರ್ಷ ಅಗ್ಗದ ಪ್ಲಾಸ್ಟಿಕ್ ಫಿನ್ನೇ ಮೇಲು. ಉಳಿದ ದುಡ್ಡು ತರಬೇತಿಗೆ ಹೋಗಬೇಕು. ಕಾರಣ ತಿಳಿಯಲು ಫಿನ್ ಮಾಡುವ ಕೆಲಸ ಏನೆಂದು ಮೊದಲು ನೋಡೋಣ.

ಉದ್ದ ಫಿನ್ ಯಾಕೆ?

ನೀರಿನೊಳಗೆ ಒಯ್ಯುವ ಆಮ್ಲಜನಕ ಒಂದು ಉಸಿರಿನಷ್ಟೇ. ಅದನ್ನು ಅತಿ ಹೆಚ್ಚು ತಿನ್ನುವುದು ತೊಡೆಯ ದೊಡ್ಡ ಸ್ನಾಯುಗಳು. ಪಟಪಟನೆ ಕಾಲು ಬಡಿದಷ್ಟೂ ಉಸಿರು ಬೇಗ ಮುಗಿಯುತ್ತದೆ. ಉದ್ದನೆಯ ಬ್ಲೇಡ್ ಇದ್ದರೆ ಕಾಲು ನಿಧಾನವಾಗಿ ಆಡಿದರೂ ಹೆಚ್ಚು ನೀರು ಹಿಂದಕ್ಕೆ ಸರಿಯುತ್ತದೆ, ದೇಹ ಮುಂದೆ ಹೋಗುತ್ತದೆ. ಬ್ಲೇಡ್ ಬಿಲ್ಲಿನಂತೆ ಬಾಗಿ ಶಕ್ತಿಯನ್ನು ಹಿಡಿದಿಟ್ಟುಕೊಂಡು, ನೇರವಾಗುವಾಗ ವಾಪಸ್ ಕೊಡುತ್ತದೆ. ಹೀಗೆ ಎಷ್ಟು ಶಕ್ತಿ ವಾಪಸ್ ಬರುತ್ತದೆ ಎನ್ನುವುದರ ಮೇಲೆ ಬೆಲೆ ನಿಂತಿದೆ.

ಕಾರ್ಬನ್ ಇದರಲ್ಲಿ ಎಲ್ಲಕ್ಕಿಂತ ಮುಂದು. ಹಗುರ, ಬಾಗಿದ ಕೂಡಲೇ ಚಿಮ್ಮಿ ನೇರವಾಗುತ್ತದೆ. ಫೈಬರ್‌ಗ್ಲಾಸ್ ಅದರ ನಂತರ. ಪ್ಲಾಸ್ಟಿಕ್ ಸ್ವಲ್ಪ ಸೋಮಾರಿ. ಬಾಗಿದ್ದು ನಿಧಾನಕ್ಕೆ ನೇರವಾಗುತ್ತದೆ, ಒಂದಿಷ್ಟು ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಜಾಹೀರಾತಿನಲ್ಲಿ 'ಟೆಕ್ನೊಪಾಲಿಮರ್' ಎಂಬ ದೊಡ್ಡ ಹೆಸರು ಕಂಡರೆ ಬೆರಗಾಗಬೇಕಿಲ್ಲ, ಅದೂ ಪ್ಲಾಸ್ಟಿಕ್ಕೇ. ಕಾರ್ಬನ್ ಜೋಡಿಯ ಬೆಲೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಜೋಡಿಯ ಮೂರು-ನಾಲ್ಕು ಪಟ್ಟು.

ಆ ಮೂರು-ನಾಲ್ಕು ಪಟ್ಟು ದುಡ್ಡು 30-40 ಮೀಟರ್ ಆಳಕ್ಕೆ ಹೋಗುವವರಿಗೆ ಸಾರ್ಥಕ. ಅಷ್ಟು ದೂರ ಹೋಗಿ ಬರುವಾಗ ಪ್ರತಿ ಒದೆತದ ಉಳಿತಾಯವೂ ಲೆಕ್ಕಕ್ಕೆ ಬರುತ್ತದೆ. ಹೊಸಬರು ನೇತ್ರಾಣಿಯಲ್ಲೋ ಮಾಲ್ವಣದಲ್ಲೋ ಬಂಡೆಗಳ ನಡುವೆ ಹೋಗುವುದು ಐದರಿಂದ ಹನ್ನೆರಡು ಮೀಟರ್. ಅಲ್ಲಿ ಕಾರ್ಬನ್‌ನಿಂದ ಉಳಿಯುವುದು ಒಂದೆರಡು ಒದೆತ. ಒದೆಯುವ ರೀತಿ ಸರಿಯಿಲ್ಲದಿದ್ದರೆ ಅದೂ ಉಳಿಯದು.

ಬಂಡೆಗೆ ಬಡಿದರೆ ಏನಾಗುತ್ತದೆ?

ಪ್ಲಾಸ್ಟಿಕ್ ಬ್ಲೇಡ್ ಬಂಡೆಗೆ ಬಡಿದರೆ ಗೀರು ಬೀಳುತ್ತದೆ. ಅಂಚು ಒರಟಾದರೆ ಮರಳು ಕಾಗದದಲ್ಲಿ ಉಜ್ಜಿದರಾಯಿತು. ಫೈಬರ್‌ಗ್ಲಾಸ್ ಒಂದೆರಡು ಪೆಟ್ಟು ತಡೆದುಕೊಳ್ಳುತ್ತದೆ. ಕಾರ್ಬನ್‌ನ ಕಥೆ ಬೇರೆ. ಬಾಗುವುದಕ್ಕೆ ಅದು ಗಟ್ಟಿಯೇ, ಆದರೆ ಅಂಚಿಗೆ ಬೀಳುವ ಚೂಪಾದ ಪೆಟ್ಟಿಗೆ ಬಲು ಮೆದು. ಒಳಗಿನ ಪದರಗಳು ಬಿಟ್ಟುಕೊಂಡರೂ ಹೊರಗೆ ಸಣ್ಣ ಗುರುತಷ್ಟೇ ಕಾಣಬಹುದು. ಅದೇ ಜಾಗ ಇನ್ನೊಂದು ದಿನ, ಆಳದಿಂದ ಮೇಲೇರುವಾಗ ಜೋರಾಗಿ ಒದ್ದ ಹೊತ್ತಿನಲ್ಲಿ ಪಟ್ಟನೆ ಮುರಿಯಬಹುದು. ಮುರಿದ ಕಾರ್ಬನ್‌ನ ಎಳೆಗಳು ಸೂಜಿಯಂತೆ ಚರ್ಮಕ್ಕೆ ಹೊಕ್ಕುತ್ತವೆ ಎಂಬುದು ಬೇರೆ ತಲೆನೋವು.

ಮುಂಬೈ ಕಡೆಯ ಕರಿಬಂಡೆ ಎಂಥದ್ದೆಂದು ತಿಳಿಯಲು ಸಮುದ್ರಕ್ಕೇ ಹೋಗಬೇಕಿಲ್ಲ. ಅಂಧೇರಿಯ ಗಿಲ್ಬರ್ಟ್ ಹಿಲ್, ಜೋಗೇಶ್ವರಿಯ ಗುಹಾಲಯ ಕೊರೆದ ಕಲ್ಲು, ಎಲ್ಲವೂ ಜ್ವಾಲಾಮುಖಿಯ ಕೊಡುಗೆ. ಇಂಥ ಕಲ್ಲು ಸಮುದ್ರದಂಚಿನಲ್ಲಿ ನುಣ್ಣಗಾಗಿ ಉಳಿಯುವುದಿಲ್ಲ. ಬಿರುಕುಬಿಟ್ಟು ಮೂಲೆಗಳಾಗುತ್ತದೆ, ಅದರ ಮೇಲೆ ಬಾರ್ನಕಲ್ ಮತ್ತು ಚಿಪ್ಪುಗಳು ಬ್ಲೇಡಿನಂತೆ ಕುಳಿತಿರುತ್ತವೆ. ಕಾಲಿಗೆ ಕಟ್ಟಿದ ಎಂಬತ್ತು ತೊಂಬತ್ತು ಸೆಂಟಿಮೀಟರ್ ಉದ್ದದ ವಸ್ತು ಎಲ್ಲಿದೆ ಎಂಬ ಅಂದಾಜು ಹೊಸಬರಿಗೆ ಇರುವುದಿಲ್ಲ. ಕಾರು ಕಲಿಯುವವರು ಹಿಂದಿನ ಬಂಪರ್ ಎಲ್ಲಿದೆ ಎಂದು ತಿಳಿಯದೆ ಗೋಡೆಗೆ ತಾಗಿಸುವಂತೆಯೇ ಇದು. ಮೊದಲ ಹತ್ತಿಪ್ಪತ್ತು ಮುಳುಗುಗಳಲ್ಲಿ ಫಿನ್ ಬಂಡೆಗೆ ತಾಗಿಯೇ ತೀರುತ್ತದೆ.

ಹವಳಕ್ಕೆ ತಾಗಿದರೆ ಕೆಡುವುದು ಫಿನ್ ಮಾತ್ರವಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮಾಲ್ವಣದ ಒಂದು ಭಾಗ 1987ರಿಂದಲೇ ಸಾಗರ ಅಭಯಾರಣ್ಯ.

ಕೊಳ್ಳುವಾಗ ಬ್ಲೇಡ್‌ಗಿಂತ ಮೊದಲು ನೋಡಬೇಕಾದ್ದು

ಅಂಗಡಿಯಲ್ಲಿ ಎಲ್ಲರೂ ಬ್ಲೇಡ್ ಬಗ್ಗಿಸಿ ನೋಡುತ್ತಾರೆ. ಪಳಗಿದವರು ಮೊದಲು ನೋಡುವುದು ಪಾದ ಕೂರುವ ರಬ್ಬರಿನ ಗೂಡನ್ನು, ಅಂದರೆ ಫುಟ್ ಪಾಕೆಟ್ ಅನ್ನು. ಅದು ಸಡಿಲವಿದ್ದರೆ ಒದೆದ ಶಕ್ತಿ ಬ್ಲೇಡ್‌ಗೆ ತಲುಪುವುದಿಲ್ಲ, ಅಲೆಯ ಹೊಡೆತಕ್ಕೆ ಫಿನ್ ಕಳಚಿಯೂ ಹೋಗಬಹುದು. ಬಿಗಿಯಿದ್ದರೆ ಹತ್ತೇ ನಿಮಿಷದಲ್ಲಿ ಅಂಗಾಲು ಸೆಟೆದುಕೊಳ್ಳುತ್ತದೆ. ನೀರೊಳಗೆ ಸ್ನಾಯು ಹಿಡಿದುಕೊಳ್ಳುವುದು ನೆಲದ ಮೇಲೆ ಹಿಡಿದುಕೊಂಡಂತಲ್ಲ.

ಪಾದ ಸ್ವಲ್ಪ ಊದಿಕೊಂಡಿರುವ ಸಂಜೆ ಹೊತ್ತಿನಲ್ಲಿ, ನೀವು ನೀರಲ್ಲಿ ಹಾಕುವ ನಿಯೊಪ್ರೀನ್ ಸಾಕ್ಸ್ ಹಾಕಿಕೊಂಡೇ ಫಿನ್ ತೊಟ್ಟು ನೋಡಿ. ಕುಳಿತು ಕಾಲನ್ನು ಗಾಳಿಯಲ್ಲಿ ಜೋರಾಗಿ ಅಲ್ಲಾಡಿಸಿದರೂ ಹಿಮ್ಮಡಿ ಜಾರಬಾರದು, ಬೆರಳುಗಳು ಮಡಚಿಕೊಳ್ಳಬಾರದು. ಬರಿಗಾಲಿಗೆ ಸರಿಹೊಂದುವ ಅಳತೆ ಕೊಂಡು ಆಮೇಲೆ ಸಾಕ್ಸ್ ತುರುಕುವುದು ಸಾಮಾನ್ಯ ತಪ್ಪು. ಬಂಡೆಯ ಕಡಲಲ್ಲಿ ಸಾಕ್ಸ್ ಬೇಕೇ ಬೇಕು, ಏಕೆಂದರೆ ಫಿನ್ ಕಳಚಿದ ಮೇಲೆ ಆ ಕಲ್ಲಿನ ಮೇಲೆ ನಡೆಯುವುದು ಆ ಕಾಲುಗಳೇ. ಇಲ್ಲಿ ಒಂದು ತೊಡಕಿದೆ. ಯುರೋಪಿನ ಕೆಲವು ಕಂಪನಿಗಳ ಗೂಡು ಕಿರಿದು, ಚಪ್ಪಲಿ ಹಾಕಿಯೇ ಬೆಳೆದ ನಮ್ಮವರ ಅಗಲ ಪಾದಕ್ಕೆ ಹಿಡಿಸುವುದಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಬದಲಾಯಿಸಿಕೊಡುತ್ತಾರೋ ಇಲ್ಲವೋ ಎಂದು ಮೊದಲೇ ಕೇಳುವುದು ಲೇಸು.

ಬ್ಲೇಡ್ ಗಡಸುತನದ ವಿಷಯದಲ್ಲಿ ಗಂಡಸರ ಹಮ್ಮು ಕೆಲಸ ಕೆಡಿಸುತ್ತದೆ. ಜಿಮ್‌ಗೆ ಹೋಗುವ ಯುವಕ ಸಾಫ್ಟ್ ಬ್ಲೇಡ್ ಕೇಳಲು ನಾಚುತ್ತಾನೆ. ಗಡಸು ಬ್ಲೇಡ್ ಮೊದಲ ಎರಡು ಮುಳುಗಿನಲ್ಲಿ ಭರ್ಜರಿ ಅನ್ನಿಸುತ್ತದೆ, ಹತ್ತನೆಯದರಲ್ಲಿ ತೊಡೆ ಉರಿಯುತ್ತದೆ, ಉಸಿರು ಅಲ್ಲೇ ಖರ್ಚಾಗುತ್ತದೆ. ಹೆಚ್ಚಿನ ಹೊಸಬರಿಗೆ ಸಾಫ್ಟ್ ಅಥವಾ ಮೀಡಿಯಂ ಸಾಕು.

ಬ್ಲೇಡ್ ಬಿಚ್ಚಿ ಬದಲಾಯಿಸಬಹುದಾದ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು. ಇಟಲಿಯ ಕ್ರೆಸ್ಸಿ ಕಂಪನಿಯ ಗಾರಾ ಮಾಡ್ಯುಲರ್ ಅಂಥದ್ದು. ಪಾದಕ್ಕೆ ಹೊಂದಿದ ಗೂಡನ್ನು ಇಟ್ಟುಕೊಂಡು, ನಾಲ್ಕು ವರ್ಷದ ನಂತರ ಬೇಕಿದ್ದರೆ ಬ್ಲೇಡ್ ಮಾತ್ರ ಬೇರೆ ಹಾಕಿಸಬಹುದು. ಪಾದ ಪೂರ್ತಿ ಒಳಗೆ ಕೂರುವ ಫಿನ್‌ನ ಕಲ್ಪನೆಯನ್ನು ಜಗತ್ತಿಗೆ ಕೊಟ್ಟದ್ದೂ ಇದೇ ಕಂಪನಿ. ಎರಡನೇ ಮಹಾಯುದ್ಧದಲ್ಲಿ ಇಟಲಿ ನೌಕಾಪಡೆಯ ಮುಳುಗುಗಾರನಾಗಿದ್ದ ಲುಯಿಜಿ ಫೆರಾರೊ ಅವರಿಗಾಗಿ 'ರೊಂಡಿನೆ' ಎಂಬ ಫಿನ್ ವಿನ್ಯಾಸ ಮಾಡಿದರು. ಅದಕ್ಕೂ ಮೊದಲು, 1933ರಲ್ಲಿ, ಫ್ರಾನ್ಸ್‌ನ ಲೂಯಿ ದ ಕೊರ್ಲಿಯು ಈಜುವ ಫಿನ್‌ಗೆ ಪೇಟೆಂಟ್ ಪಡೆದಿದ್ದರು.

ತೀರಾ ಕಡಿಮೆ ಆಳದ, ಕಲ್ಲುಗಳು ಒತ್ತೊತ್ತಾಗಿರುವ ಜಾಗಕ್ಕಷ್ಟೇ ಹೋಗುವುದಾದರೆ ಉದ್ದ ಫಿನ್ ಬಿಟ್ಟು ಮಧ್ಯಮ ಉದ್ದದ್ದು ಕೊಂಡರೂ ನಷ್ಟವಿಲ್ಲ. ತಿರುಗುವುದು ಸುಲಭ, ಹರಿದ ಬಲೆಗೆ ಸಿಕ್ಕಿಕೊಳ್ಳುವ ಸಾಧ್ಯತೆಯೂ ಕಡಿಮೆ. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ. ಕಪ್ಪು ಬಂಡೆಯ ಮುಂದೆ ಕಪ್ಪು ಫಿನ್ ಕಾಣುವುದಿಲ್ಲ, ಕಾಣಬೇಕಾದ್ದು ಮೇಲಿರುವ ಜೊತೆಗಾರನಿಗೆ.

ಜೇಜುವಿನ ಅಜ್ಜಿಯರು, ಕರಾವಳಿಯ ನೀಲಿಕಲ್ಲಿನವರು

ದಕ್ಷಿಣ ಕೊರಿಯಾದ ಜೇಜು ದ್ವೀಪವೂ ಜ್ವಾಲಾಮುಖಿಯಿಂದ ಎದ್ದದ್ದೇ. ಅಲ್ಲಿ 'ಹೆನ್ಯೊ' ಎಂಬ ಮುಳುಗುಗಾರ ಮಹಿಳೆಯರು ಬಂಡೆಗೆ ಅಂಟಿದ ಚಿಪ್ಪುಜೀವಿಗಳನ್ನು ಕಿತ್ತು ಬದುಕುತ್ತಾರೆ. ಎಂಬತ್ತು ದಾಟಿದವರೂ ಇದ್ದಾರೆ. ಸುಮಾರು 10 ಮೀಟರ್ ಆಳ, ಒಂದು ಮುಳುಗಿಗೆ ಸುಮಾರು ಒಂದು ನಿಮಿಷ, ದಿನಕ್ಕೆ ಏಳು ಗಂಟೆಯವರೆಗೂ ಕೆಲಸ. 2016ರಲ್ಲಿ ಯುನೆಸ್ಕೊ ಈ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ಕಾಲಿನಲ್ಲಿರುವುದು ಸಾದಾ ರಬ್ಬರ್ ಫಿನ್. ಅನುಭವದ ಮೇಲೆ ಮೂರು ದರ್ಜೆ ಮಾಡಿಕೊಂಡು, ಮೇಲಿನ ದರ್ಜೆಯವರು ಉಳಿದವರಿಗೆ ದಾರಿ ತೋರಿಸುತ್ತಾರೆ. ಸಮುದ್ರಕ್ಕೆ ಇಳಿಯುವುದು ಗುಂಪಾಗಿಯೇ.

ನಮ್ಮ ಕರಾವಳಿಗೆ ಇದು ಹೊಸದಲ್ಲ. ಉತ್ತರ ಕನ್ನಡದಲ್ಲಿ ನೀಲಿಕಲ್ಲು, ತುಳುನಾಡಿನಲ್ಲಿ ಪಚಿಲೆ ಎನ್ನುವ ಹಸಿರು ಚಿಪ್ಪನ್ನು ಬಂಡೆಯಿಂದ ಕೀಳುವವರು ಕೈಯಲ್ಲೊಂದು ಉಳಿ, ಸೊಂಟಕ್ಕೊಂದು ಬಲೆಚೀಲ ಕಟ್ಟಿಕೊಂಡು ಇಂದಿಗೂ ಮುಳುಗುತ್ತಾರೆ. ಮುಂಬೈಯ ಎಷ್ಟೋ ತುಳು-ಕನ್ನಡ ಮನೆಗಳಲ್ಲಿ ಊರಿನಿಂದ ಬಂದ ಪಚಿಲೆಯ ಸುಕ್ಕ ಹಬ್ಬದೂಟದಷ್ಟೇ ದೊಡ್ಡದು. ಅದನ್ನು ಕಿತ್ತವರು ಯಾವ ಕೋರ್ಸೂ ಮಾಡಿದವರಲ್ಲ. ಆದರೆ ಯಾವ ಬಂಡೆಯ ಹಿಂದೆ ನೀರು ಸೆಳೆಯುತ್ತದೆ, ಯಾವ ಇಳಿತದ ಹೊತ್ತಿನಲ್ಲಿ ಇಳಿಯಬೇಕು, ಯಾವ ದಿನ ಮನೆಯಲ್ಲೇ ಇರಬೇಕು ಎಂಬುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ನಗರದಿಂದ ಹೋಗುವವರಿಗೆ ಇಲ್ಲದಿರುವುದು ಅದೇ ಜ್ಞಾನ. ಎಷ್ಟು ದುಡ್ಡಿನ ಫಿನ್ ಕೊಂಡರೂ ಅದರ ಜೊತೆ ಇದು ಬರುವುದಿಲ್ಲ.

ಜೋಗೇಶ್ವರಿಯಲ್ಲಿದ್ದು ಕಲಿಯುವುದು ಹೇಗೆ?

ಅರ್ಧ ತರಬೇತಿ ನೆಲದ ಮೇಲೆ ಆಗುತ್ತದೆ. ಮೀನಖಂಡ ಮತ್ತು ಕಣಕಾಲು ಬಲವಾಗಲು ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿಳಿಸುವುದು, ಮುಂಗಾಲು ಚಾಚಿ ಮಂಡಿಯೂರಿ ಕೂತು ಕಣಕಾಲು ಸಡಿಲಿಸುವುದು, ನಿಧಾನದ ಬೈಠಕ್. ಕಾಲನ್ನು ಸೊಂಟದಿಂದ ಆಡಿಸುವುದನ್ನು ಇಲ್ಲೇ ರೂಢಿ ಮಾಡಿಕೊಳ್ಳಬಹುದು. ಮಂಡಿ ಮಡಚಿ ಸೈಕಲ್ ತುಳಿದಂತೆ ಒದೆಯುವುದು ಹೊಸಬರ ಮೊದಲ ತಪ್ಪು. ಉಸಿರು ಹಿಡಿಯುವ ಅಭ್ಯಾಸವೂ ಮನೆಯಲ್ಲೇ, ಹಾಸಿಗೆಯ ಮೇಲೆ ಮಲಗಿ. ಹಾಸಿಗೆಯ ಮೇಲೆ ತಲೆ ತಿರುಗಿದರೆ ಏನೂ ಆಗುವುದಿಲ್ಲ. ಬಾತ್‌ಟಬ್‌ನಲ್ಲಿ, ಸೊಸೈಟಿಯ ಈಜುಕೊಳದಲ್ಲಿ ಒಬ್ಬರೇ ಇದನ್ನು ಮಾಡಲೇಬಾರದು. ಎದೆಮಟ್ಟದ ನೀರಿನಲ್ಲೂ ಜನ ಹೀಗೆ ಪ್ರಾಣ ಬಿಟ್ಟಿದ್ದಾರೆ.

ಈಜುಕೊಳಕ್ಕೆ ಅಂಧೇರಿ ಪಶ್ಚಿಮದ ಶಹಾಜಿ ರಾಜೆ ಭೋಸಲೆ ಕ್ರೀಡಾ ಸಂಕೀರ್ಣ ಹತ್ತಿರ. ಆದರೆ ಸಾರ್ವಜನಿಕ ಕೊಳಗಳಲ್ಲಿ ಉದ್ದ ಫಿನ್ ತರುವುದಕ್ಕೂ ನೀರೊಳಗೆ ಉಸಿರು ಹಿಡಿಯುವುದಕ್ಕೂ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಲೈಫ್‌ಗಾರ್ಡ್ ಗದರಿದರೆ ಬೇಜಾರು ಮಾಡಿಕೊಳ್ಳಬೇಡಿ, ಅವರು ಮಾಡುತ್ತಿರುವುದು ಸರಿ. ಫ್ರೀಡೈವಿಂಗ್ ತರಬೇತುದಾರರು ಕೊಳವನ್ನು ಬೇರೆ ಸಮಯಕ್ಕೆ ಗೊತ್ತು ಮಾಡಿಕೊಂಡು ಕಲಿಸುತ್ತಾರೆ, ಆ ಬ್ಯಾಚ್‌ಗೆ ಸೇರುವುದೇ ದಾರಿ. ಇನ್ನು ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡ್ ಹಿಡಿದು ಹೋದರೆ ಸಿಗುವ ಪವಾಯಿ ಕೆರೆ ನೋಡಲು ಚಂದ. ಅದರಲ್ಲಿ ಮೊಸಳೆಗಳಿವೆ ಎಂಬುದನ್ನು ಮರೆಯದಿದ್ದರೆ ಸಾಕು.

ಕೋರ್ಸ್ ಎಂದರೆ ಬಹಳ ದೊಡ್ಡ ಸಾಹಸವೇನಲ್ಲ. ಪಾಡಿ ಸಂಸ್ಥೆಯ ಆರಂಭಿಕ ಫ್ರೀಡೈವರ್ ಕೋರ್ಸ್‌ನಲ್ಲಿ ಅಲುಗಾಡದೆ 90 ಸೆಕೆಂಡ್ ಉಸಿರು ಹಿಡಿಯಬೇಕು, ಕೊಳದಲ್ಲಿ ನೀರೊಳಗೆ 25 ಮೀಟರ್ ಸಾಗಬೇಕು, ತೆರೆದ ನೀರಿನಲ್ಲಿ 10ರಿಂದ 16 ಮೀಟರ್ ಆಳಕ್ಕೆ ಹೋಗಿಬರಬೇಕು. ಐಡಾ, ಎಸ್‌ಎಸ್‌ಐ, ಮೊಲ್ಚನೊವ್ಸ್ ಮುಂತಾದ ಸಂಸ್ಥೆಗಳ ಮೊದಲ ಹಂತಗಳೂ ಹೆಚ್ಚುಕಡಿಮೆ ಇದೇ ಮಟ್ಟದವು. ಈ ಅಂಕಿಗಳಿಗಿಂತ ಮುಖ್ಯ, ಅಲ್ಲಿ ಕಲಿಸುವ ರಕ್ಷಣಾ ವಿಧಾನ. ಆ ಒಂದು ಪಾಠಕ್ಕಾಗಿಯೇ ಕೋರ್ಸ್ ಮಾಡಬೇಕು.

ಉಸಿರು ತಪ್ಪುವುದು ಆಳದಲ್ಲಲ್ಲ, ಮೇಲೆ ಬರುವಾಗ

10 ಮೀಟರ್ ಆಳದಲ್ಲಿ ಒತ್ತಡ ನೆಲದ ಮೇಲಿನದರ ಎರಡು ಪಟ್ಟು. ಶ್ವಾಸಕೋಶದ ಗಾಳಿ ಅರ್ಧದಷ್ಟಕ್ಕೆ ಕುಗ್ಗಿರುತ್ತದೆ. ಆ ಒತ್ತಡವೇ ಆಮ್ಲಜನಕವನ್ನು ರಕ್ತಕ್ಕೆ ತಳ್ಳುತ್ತಿರುವುದರಿಂದ ಕೆಳಗಿರುವಾಗ ಎಲ್ಲ ಸರಿಯಿದೆ ಅನ್ನಿಸುತ್ತದೆ. ಮೇಲೇರುತ್ತಿದ್ದಂತೆ ಒತ್ತಡ ಸರ್ರನೆ ಇಳಿಯುತ್ತದೆ, ಅಷ್ಟರಲ್ಲಿ ಬಹುಪಾಲು ಖರ್ಚಾಗಿರುವ ಆಮ್ಲಜನಕ ಮಿದುಳಿಗೆ ಸಾಲುವುದಿಲ್ಲ. ಕೊನೆಯ ಕೆಲವು ಮೀಟರ್‌ನಲ್ಲಿ, ಇಲ್ಲವೇ ಮೇಲೆ ಬಂದು ಒಂದೆರಡು ಉಸಿರೆಳೆದ ಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ನೋವಿಲ್ಲ, ಒದ್ದಾಟವಿಲ್ಲ. ದಡದಲ್ಲಿರುವವರಿಗೆ ಸುಮ್ಮನೆ ತೇಲುತ್ತಿರುವಂತೆ ಕಾಣುತ್ತದೆ.

ಮುಳುಗುವ ಮೊದಲು ಜೋರುಜೋರಾಗಿ ಉಸಿರಾಡಿ 'ಗಾಳಿ ತುಂಬಿಕೊಳ್ಳುವ' ಹಳೆಯ ಉಪಾಯ ಈ ಅಪಾಯವನ್ನು ಹೆಚ್ಚಿಸುತ್ತದೆ. ಅದರಿಂದ ದೇಹದ ಆಮ್ಲಜನಕ ಹೆಚ್ಚೇನೂ ಏರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. 'ಉಸಿರಾಡು' ಎಂದು ದೇಹವನ್ನು ಎಬ್ಬಿಸುವುದು ಅದೇ ಡೈಆಕ್ಸೈಡ್. ಗಂಟೆ ಬಾರಿಸುವವನನ್ನೇ ಮಲಗಿಸಿಬಿಟ್ಟರೆ ಅಪಾಯ ಬಂದದ್ದು ತಿಳಿಯುವುದಾದರೂ ಹೇಗೆ?

2015ರ ಆಗಸ್ಟ್ 2ರಂದು ಸ್ಪೇನ್‌ನ ಫಾರ್ಮೆಂಟೆರಾ ದ್ವೀಪದ ಬಳಿ ರಷ್ಯಾದ ನತಾಲಿಯಾ ಮೊಲ್ಚನೊವಾ ನೀರಿಗಿಳಿದವರು ಮೇಲೆ ಬರಲಿಲ್ಲ. ಜಗತ್ತು ಕಂಡ ಅತಿ ದೊಡ್ಡ ಫ್ರೀಡೈವರ್‌ಗಳಲ್ಲಿ ಒಬ್ಬರಾಗಿದ್ದ ಅವರ ಹೆಸರಲ್ಲಿ 41 ವಿಶ್ವದಾಖಲೆಗಳಿದ್ದವು. ಅಂದು ಅವರು ಹೋಗಿದ್ದು ಅವರ ಮಟ್ಟಿಗೆ ಸಾಮಾನ್ಯ ಆಳಕ್ಕೆ.

ಆದ್ದರಿಂದ ನಿಯಮ ಒಂದೇ: ಒಬ್ಬರು ಕೆಳಗೆ, ಒಬ್ಬರು ಮೇಲೆ. ಇಬ್ಬರೂ ಒಟ್ಟಿಗೆ ಮುಳುಗಿದರೆ ಅದು ಇಬ್ಬರು ಒಂಟಿಯಾಗಿ ಮುಳುಗಿದಂತೆ. ಕೆಳಗಿನವರು ಮೇಲೇರುವಾಗ ಜೊತೆಗಾರ ಸ್ವಲ್ಪ ಕೆಳಗಿಳಿದು ಎದುರುಗೊಂಡು ಜೊತೆಯಲ್ಲೇ ಬರಬೇಕು, ಮೇಲೆ ಬಂದ ಮೇಲೂ 30 ಸೆಕೆಂಡ್ ಮುಖ ನೋಡುತ್ತಲೇ ಇರಬೇಕು. ಪ್ರಜ್ಞೆ ತಪ್ಪಿದರೆ ಬಾಯಿ-ಮೂಗು ನೀರಿನಿಂದ ಮೇಲೆ ಹಿಡಿದು, ಮಾಸ್ಕ್ ತೆಗೆದು, ಕಣ್ಣಿನ ಸುತ್ತ ಊದಿ, ಕೆನ್ನೆ ತಟ್ಟಿ, ಹೆಸರು ಹಿಡಿದು 'ಉಸಿರಾಡು' ಎಂದು ಕರೆಯಬೇಕು. ಬಹಳಷ್ಟು ಸಲ ಇಷ್ಟಕ್ಕೇ ಎಚ್ಚರವಾಗುತ್ತದೆ. ಆಗದಿದ್ದರೆ ಬಾಯಿಂದ ಉಸಿರು ಕೊಡಬೇಕು. ಇದನ್ನು ಓದಿ ಕಲಿಯಲಾಗದು, ನೀರಿನಲ್ಲಿ ಹತ್ತಾರು ಸಲ ಮಾಡಿಯೇ ಕಲಿಯಬೇಕು. ಎರಡು ಮುಳುಗಿನ ನಡುವೆ, ಕೆಳಗೆ ಕಳೆದ ಸಮಯದ ಕನಿಷ್ಠ ಎರಡು ಪಟ್ಟು ವಿಶ್ರಾಂತಿ ಇರಲಿ.

ಸೊಂಟದ ತೂಕದ ಬೆಲ್ಟ್‌ನಲ್ಲಿಯೂ ಆಸೆ ಬೇಡ. ಉಸಿರು ಬಿಟ್ಟ ಮೇಲೂ ನೀರಿನ ಮೇಲೆ ತೇಲುವಷ್ಟೇ ತೂಕ ಕಟ್ಟಬೇಕು, ಒಂದೇ ಕೈಯಲ್ಲಿ ಎಳೆದರೆ ಬಿಚ್ಚಿ ಬೀಳುವಂತಿರಬೇಕು. ನೆಗಡಿ ಇದ್ದ ದಿನ ನೀರಿಗೇ ಇಳಿಯಬೇಡಿ, ಕಿವಿಯ ಒತ್ತಡ ಬಿಡದೆ ತಮಟೆ ಹರಿದೀತು.

ಬಂಡೆಯ ಬಳಿ ನೀರು ಹೇಗೆ ನಡೆದುಕೊಳ್ಳುತ್ತದೆ?

2023ರ ಜುಲೈನಲ್ಲಿ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್‌ನ ಬಂಡೆಯ ಮೇಲೆ ಗಂಡನೊಂದಿಗೆ ಕುಳಿತಿದ್ದ ಮಹಿಳೆಯನ್ನು ಅಲೆ ಎಳೆದೊಯ್ದ ವಿಡಿಯೊ ದೇಶವೆಲ್ಲ ಹರಿದಾಡಿತ್ತು. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಸಣ್ಣವು ಬಂದು ಬಂದು, ನಡುವೆ ದೊಡ್ಡವು ಗುಂಪಾಗಿ ಬರುತ್ತವೆ. ಬಂದ ಐದು ನಿಮಿಷಕ್ಕೇ 'ಇವತ್ತು ಸಮುದ್ರ ಶಾಂತ' ಎನ್ನುವವರು ನೋಡಿರುವುದು ಸಣ್ಣ ಅಲೆಗಳನ್ನು ಮಾತ್ರ. ಇಳಿಯುವ ಮೊದಲು ಕನಿಷ್ಠ 15-20 ನಿಮಿಷ ದಡದಲ್ಲಿ ಸುಮ್ಮನೆ ನಿಂತು, ದೊಡ್ಡವು ಎಲ್ಲಿಯವರೆಗೆ ಏರುತ್ತವೆ ಎಂದು ನೋಡಬೇಕು. ಒದ್ದೆಯಾಗಿರುವ ಕಲ್ಲೆಲ್ಲ ಅಲೆಯ ಜಾಗ.

ಮುಂಬೈ ಕಡಲಿನ ಭರತ-ಇಳಿತದ ವ್ಯತ್ಯಾಸ ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಐದು ಮೀಟರ್ ಹತ್ತಿರಕ್ಕೆ ಹೋಗುತ್ತದೆ, ಅಂದರೆ ಒಂದೂವರೆ ಅಂತಸ್ತು. ಇಳಿದ ಕಲ್ಲು ಮರಳಿ ಬರುವಾಗ ಮುಳುಗಿರಬಹುದು, ಇಲ್ಲವೇ ಹತ್ತಲಾಗದಷ್ಟು ಎತ್ತರದಲ್ಲಿರಬಹುದು. ದಕ್ಷಿಣಕ್ಕೆ ಹೋದಂತೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ, ಕರ್ನಾಟಕದ ಕರಾವಳಿಯಲ್ಲಿ ಅಷ್ಟಿಲ್ಲ. ಹೊರಬರುವ ಜಾಗವನ್ನು ಇಳಿಯುವ ಮೊದಲೇ ಗೊತ್ತು ಮಾಡಿಕೊಳ್ಳಿ, ಅದು ಕೈಕೊಟ್ಟರೆ ಇನ್ನೊಂದು ಎಲ್ಲಿ ಎಂಬುದನ್ನೂ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ ಮತ್ತು ಅವಧಿಯ ಮುನ್ಸೂಚನೆಯನ್ನು ಉಚಿತವಾಗಿ ಕೊಡುತ್ತದೆ. ಎತ್ತರವನ್ನಷ್ಟೇ ನೋಡಿ ಬಿಡಬಾರದು, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಬೇಕು. ಒಂದೇ ಎತ್ತರದ ಅಲೆಗಳಲ್ಲಿ ಅಂತರ ಹೆಚ್ಚಿದ್ದಷ್ಟೂ ಬಂಡೆಗೆ ಬಡಿಯುವ ಬಲ ಹೆಚ್ಚು.

ಉದ್ದ ಫಿನ್ ತೊಟ್ಟು ಕಲ್ಲಿನ ಮೇಲೆ ನಡೆಯುವವರು ಬಿದ್ದೇ ಬೀಳುತ್ತಾರೆ. ಫಿನ್ ಕೈಯಲ್ಲಿರಲಿ, ಕಾಲಿನಲ್ಲಿ ದಪ್ಪ ಅಟ್ಟೆಯ ಸಾಕ್ಸ್ ಇರಲಿ. ಸೊಂಟಮಟ್ಟದ ನೀರು ಸಿಕ್ಕ ಮೇಲೆ ತೇಲಿಕೊಂಡೇ ಫಿನ್ ತೊಡಬೇಕು. ಅಲೆ ಬಂಡೆಗೆ ಬಡಿದು ಹಿಂದೆ ಸರಿಯುವ ಹೊತ್ತು ಇಳಿಯುವವರಿಗೆ, ಮೇಲೆತ್ತುವ ಅಲೆ ಹತ್ತುವವರಿಗೆ. ಹತ್ತಿದ ಕೂಡಲೇ ಸುಧಾರಿಸಿಕೊಳ್ಳಲು ಅಲ್ಲೇ ಕೂರದೆ ಮುಂದಿನ ಅಲೆಗೆ ಮೊದಲು ಜಾಗ ಬಿಡಬೇಕು.

ನೀರೊಳಗೆ ಬಂಡೆಗಳ ನಡುವೆ ನೀರು ಉಯ್ಯಾಲೆಯಂತೆ ಹೋಗಿಬರುತ್ತದೆ. ಎದುರಿಸಿ ಒದೆಯುವುದು ಉಸಿರು ಹಾಳು ಮಾಡುವ ಕೆಲಸ. ಎದುರು ಬಂದಾಗ ಸುಮ್ಮನಿದ್ದು, ನಮ್ಮ ದಿಕ್ಕಿಗೆ ತಿರುಗಿದಾಗ ಒಂದು ಒದೆತ ಕೊಟ್ಟರೆ ಅದೇ ಕರೆದೊಯ್ಯುತ್ತದೆ. ಗುಹೆಯಂಥ ಸಂದು, ಚಾಚಿದ ಬಂಡೆಯ ಅಡಿ ಹೊಸಬರಿಗಲ್ಲ. ತಲೆಯ ಮೇಲೆ ನೇರ ಆಕಾಶ ಇರಬೇಕು. ಕೈಗೆ ಗ್ಲೌಸ್, ಬಲೆ ಕತ್ತರಿಸಲು ಸಣ್ಣ ಚಾಕು, ಮೇಲೆ ದೋಣಿಯವರಿಗೆ ಕಾಣುವಂಥ ಬಣ್ಣದ ತೇಲುಬುರುಡೆ ಇರಲಿ. ಅರಬ್ಬಿ ಸಮುದ್ರದಲ್ಲಿ ಚಳಿಯ ಭಯವಿಲ್ಲದಿದ್ದರೂ ಗೀರು ಮತ್ತು ಕುಟುಕಿನಿಂದ ತಪ್ಪಿಸಿಕೊಳ್ಳಲು ಮೈ ಮುಚ್ಚುವ ತೆಳು ಸೂಟ್ ಒಳ್ಳೆಯದು. 2018ರ ಆಗಸ್ಟ್‌ನಲ್ಲಿ ಮುಂಬೈ ಬೀಚ್‌ಗಳಿಗೆ ಬ್ಲೂ ಬಾಟಲ್‌ಗಳು ತೇಲಿಬಂದು ಹಲವರನ್ನು ಕುಟುಕಿದ್ದು ಹಲವರಿಗೆ ನೆನಪಿರಬಹುದು.

ಮುಂಗಾರಿನಲ್ಲಿ ಈ ಯಾವುದೂ ಇಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ನಿಂತಿರುತ್ತದೆ. ಮೀನುಗಾರರೇ ದಡದಲ್ಲಿರುವಾಗ ಉಳಿದವರ ಮಾತೇನು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಗೆ ಡೈವಿಂಗ್ ದೋಣಿಗಳು ಹೊರಡುವುದು ಮಳೆ ಮುಗಿದು ನೀರು ತಿಳಿಯಾದ ಮೇಲೆ, ಅಕ್ಟೋಬರ್ ಸುಮಾರಿಗೆ. ಅಲ್ಲಿ ದೋಣಿಯಿಂದಲೇ ನೀರಿಗಿಳಿಯುವುದರಿಂದ ಬಂಡೆ ಹತ್ತಿಳಿಯುವ ಕಷ್ಟವಿಲ್ಲ, ಮೊದಲ ಸಲಕ್ಕೆ ಅದೇ ವಾಸಿ.

ಕುರ್ಲಾ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮುರುಡೇಶ್ವರದಲ್ಲಿ ನಿಲ್ಲುತ್ತದೆ. ಸುಮಾರು ಒಂದು ಮೀಟರ್ ಉದ್ದದ ಫಿನ್ ಚೀಲ ಸೀಟಿನ ಕೆಳಗೆ ಬೇರೆಯವರ ಸೂಟ್‌ಕೇಸ್‌ಗಳಡಿ ಸಿಕ್ಕಿದರೆ ಬ್ಲೇಡ್ ಸೊಟ್ಟಗಾಗುತ್ತದೆ, ಮೇಲಿನ ಬರ್ತ್ ಸಿಕ್ಕರೆ ಗೋಡೆಯ ಬದಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ವಾಪಸ್ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಬಾಲ್ಕನಿಯ ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತದೆ, ಬಾಗಿಲ ಹಿಂದೆ ತುದಿಯ ಮೇಲೆ ನಿಲ್ಲಿಸಿಟ್ಟರೆ ಬ್ಲೇಡ್ ಬಾಗುತ್ತದೆ. ಜೋಗೇಶ್ವರಿಯ ಒಂದು ಕೋಣೆಯ ಮನೆಯಲ್ಲಿ ಅದಕ್ಕೆ ಇರುವ ಸರಿಯಾದ ಜಾಗ ಕಪಾಟಿನ ಮೇಲೆ, ಅಡ್ಡಲಾಗಿ, ಮೇಲೆ ಬೇರೇನೂ ಹೇರದೆ.